ಡೀಸೆಲ್ ಖಾಲಿಯಾಗಿ ನಿಂತ ಪಿಕಪ್, ಡೀಸೆಲ್ ಹಾಕಿದರೂ ಸ್ಟಾರ್ಟ್ ಆಗುತ್ತಿಲ್ಲ

ಘಾಟಿ ಲೋಡು (ಬೆಳಿಗ್ಗೆ 5:10)

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಬೇಗ ಹೇಳಿ. ಹಾಸನದಿಂದ ಮಂಗಳೂರಿಗೆ ಕೋಸು, ಬೀನ್ಸ್, ಕ್ಯಾರೆಟ್ ಲೋಡು ತಗೊಂಡು ಹೊರಟಿದ್ದೆ. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿ ಇಳಿಯುವಾಗ ಒಂದು ಟರ್ನಿಂಗ್‌ನಲ್ಲಿ ಗಾಡಿ ಎರಡು ಸಲ ಜರ್ಕ್ ಹೊಡೆದು ಆಫ್ ಆಯಿತು. ಮೀಟರ್ ಮುಳ್ಳು ಕೆಂಪು ಗೆರೆ ಹತ್ತಿರ ಇತ್ತು, ಪೂರ್ತಿ ಕೆಳಗೆ ಬಿದ್ದಿರಲಿಲ್ಲ. ಅದಕ್ಕೇ ಕೆಳಗೆ ಇಳಿದು ಹಾಕಿಸೋಣ ಅಂದುಕೊಂಡಿದ್ದೆ.

ಬೈಕಿನವರೊಬ್ಬರು ಪುಣ್ಯಾತ್ಮರು, ಸಕಲೇಶಪುರಕ್ಕೆ ವಾಪಸ್ ಹೋಗಿ ಕ್ಯಾನಿನಲ್ಲಿ ಡೀಸೆಲ್ ತಂದುಕೊಟ್ಟರು. ಅದರಲ್ಲಿ 3 ಲೀಟರ್ ಹಾಕಿದೆ. ಎಂಟು ಹತ್ತು ಸಲ ಸೆಲ್ಫ್ ಹೊಡೆದೆ, ಒಂದೊಂದು ಸಲವೂ ಅರ್ಧ ನಿಮಿಷ ಹಿಡಿದಿದ್ದೇನೆ. ಉಸಿರೇ ಇಲ್ಲ. ಈಗ ಸೆಲ್ಫ್ ಶಬ್ದವೂ ನಿಧಾನ ಆಗಿದೆ. 2017ರ ಗಾಡಿ, ಕಾಮನ್ ರೈಲ್ ಎಂಜಿನ್. ಬೆಳಿಗ್ಗೆ ಮಾರ್ಕೆಟ್ ಮುಗಿಯುವುದರೊಳಗೆ ಲೋಡು ಇಳಿಯಬೇಕು. ಇಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿದೆ, ತಡವಾಗಿ ಉತ್ತರ ಕೊಟ್ಟರೆ ಬೇಜಾರಾಗಬೇಡಿ.

ಪಂಪ್ ಮೇಸ್ತ್ರಿ (5:18)

ತಮ್ಮಾ, ಮೊದಲು ಸೆಲ್ಫ್ ಹೊಡೆಯುವುದು ನಿಲ್ಲಿಸು. ಕೀ ತೆಗೆದು ಜೇಬಲ್ಲಿ ಇಟ್ಟುಕೋ. ಮುಂದಿನದ್ದು ಆಮೇಲೆ.

ಗಾಡಿ ಇಳಿಜಾರಿನಲ್ಲಿ ನಿಂತಿದೆ ಅಲ್ವಾ? ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಹಾಕಿ, ಚಕ್ರದ ಮುಂದೆ ದೊಡ್ಡ ಕಲ್ಲು ಕೊಟ್ಟಿದ್ದೀಯಾ? ನಾಲ್ಕೂ ಇಂಡಿಕೇಟರ್ ಹಾಕು. ಕೆಂಪು ತ್ರಿಕೋನ ಇದ್ದರೆ ಟರ್ನಿಂಗ್‌ಗೂ ಮೊದಲೇ ಕಾಣುವ ಹಾಗೆ ಮೇಲುಗಡೆ ಇಡು. ಆ ರಸ್ತೆಯಲ್ಲಿ ಟ್ಯಾಂಕರ್‌ಗಳು ರಾತ್ರಿಯೆಲ್ಲ ಓಡುತ್ತವೆ, ಮಂಜು ಬೇರೆ. ಗಾಡಿ ಹಿಂದೆ ಯಾರೂ ನಿಲ್ಲಬೇಡಿ. ಇಷ್ಟು ಮಾಡಿದ ಮೇಲೆ ಬಾನೆಟ್ ಎತ್ತು.

ಕಡೂರು ತೆಂಗು (5:21)

ಹೆದ್ದಾರಿ ಸಹಾಯವಾಣಿ 1033ಕ್ಕೂ ಒಂದು ಕಾಲ್ ಮಾಡಿ ಅಣ್ಣ. ಗಾಡಿ ಲೇನಿನಲ್ಲೇ ನಿಂತಿದ್ದರೆ ಪಕ್ಕಕ್ಕೆ ಎಳೆಸುವುದಕ್ಕಾದರೂ ಬೇಕಾಗುತ್ತದೆ. ಸಿಗ್ನಲ್ ಸಿಕ್ಕಾಗಲೇ ಮಾಡಿಬಿಡಿ.

ಘಾಟಿ ಲೋಡು (5:26)

ಗಾಡಿ ಎಡಕ್ಕೆ ಪೂರ್ತಿ ಪಕ್ಕದಲ್ಲಿದೆ. ಕಲ್ಲು ಕೊಟ್ಟಿದ್ದೇನೆ, ಮುಂದಿನ ಎರಡು ಚಕ್ರಕ್ಕೂ. ತ್ರಿಕೋನ ಇಟ್ಟೆ. ಕ್ಲೀನರ್ ಹುಡುಗನನ್ನು ಟಾರ್ಚ್ ಕೊಟ್ಟು ತಡೆಗೋಡೆಯ ಆಚೆ ನಿಲ್ಲಿಸಿದ್ದೇನೆ. ಬಾನೆಟ್ ಎತ್ತಿದ್ದೇನೆ ಮೇಸ್ತ್ರಿ, ಈಗ ಹೇಳಿ.

ಪಂಪ್ ಮೇಸ್ತ್ರಿ (5:38)

ಒಳ್ಳೆಯದು. ಈಗ ಸಮಾಧಾನವಾಗಿ ಓದು, ಸ್ವಲ್ಪ ಉದ್ದ ಇದೆ.

ನಿನ್ನ ಗಾಡಿಯಲ್ಲಿ ಏರ್ ಹಿಡಿದಿದೆ. ಟ್ಯಾಂಕಿನಲ್ಲಿ ಡೀಸೆಲ್ ಮುಗಿದಾಗ ಪಂಪು ಸುಮ್ಮನಿರುವುದಿಲ್ಲ, ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಟ್ಯಾಂಕಿನಿಂದ ಫಿಲ್ಟರ್‌ವರೆಗೆ, ಫಿಲ್ಟರ್‌ನಿಂದ ಪಂಪಿನವರೆಗೆ ಎಲ್ಲಾ ಪೈಪು ಗಾಳಿ. ಡೀಸೆಲ್ಲನ್ನು ಒತ್ತಿದರೆ ಪ್ರೆಶರ್ ಏರುತ್ತದೆ, ಗಾಳಿಯನ್ನು ಒತ್ತಿದರೆ ಅದು ಸುಮ್ನೆ ಕುಗ್ಗುತ್ತದೆ. ಪ್ರೆಶರ್ ಏರದಿದ್ದರೆ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ತೆರೆಯುವುದಿಲ್ಲ. ನೀನು ಟ್ಯಾಂಕಿಗೆ ಹಾಕಿದ ಡೀಸೆಲ್ ಇನ್ನೂ ಟ್ಯಾಂಕಿನಲ್ಲೇ ಕೂತಿದೆ, ಮುಂದೆ ಬಂದೇ ಇಲ್ಲ.

ಸೆಲ್ಫ್ ಹೊಡೆದು ಹೊಡೆದು ಎಳೆದುಕೊಳ್ಳಲಿ ಅಂತ ಜಾಸ್ತಿ ಜನ ಮಾಡುತ್ತಾರೆ. ಅದು ತಪ್ಪು, ಯಾಕೆ ಅಂತ ಹೇಳುತ್ತೇನೆ. ಹೈ ಪ್ರೆಶರ್ ಪಂಪಿಗೆ ಬೇರೆ ಆಯಿಲ್ ಇಲ್ಲ. ಡೀಸೆಲ್ಲೇ ಅದಕ್ಕೆ ಆಯಿಲ್, ಡೀಸೆಲ್ಲೇ ಅದನ್ನು ತಂಪು ಮಾಡುವುದು. ಒಣಗಿದ ಪಂಪನ್ನು ತಿರುಗಿಸಿದರೆ ಒಳಗೆ ಕಬ್ಬಿಣ ಕಬ್ಬಿಣ ಉಜ್ಜುತ್ತದೆ, ಆ ಪುಡಿ ರೈಲಿಗೆ, ಅಂದರೆ ಎಲ್ಲಾ ನಾಝಲ್‌ಗೂ ಡೀಸೆಲ್ ಹಂಚುವ ದಪ್ಪ ಪೈಪಿಗೆ ಹೋಗುತ್ತದೆ, ಅಲ್ಲಿಂದ ನಾಝಲ್‌ಗೆ. ಆಮೇಲೆ ಪಂಪು, ನಾಝಲ್, ಲೈನು ಎಲ್ಲವನ್ನೂ ಬಿಚ್ಚಿ ತೊಳೆಯಬೇಕು ಅಥವಾ ಹೊಸದು ಹಾಕಬೇಕು. ಒಂದು ಗಾಡಿಯ ಎಷ್ಟೋ ತಿಂಗಳ ದುಡಿಮೆ ಅದರಲ್ಲಿ ಹೋಗುವುದನ್ನು ನನ್ನ ಬೆಂಚಿನ ಮೇಲೆ ನೋಡಿದ್ದೇನೆ.

ಈಗ ಕೆಲಸ. ಕ್ಯಾನಿನಲ್ಲಿ ಉಳಿದಿರುವ ಡೀಸೆಲ್ಲನ್ನೂ ಹಾಕಿಬಿಡು. ಗಾಡಿ ಮೂತಿ ಕೆಳಗಾಗಿ ನಿಂತಿದೆ, 3 ಲೀಟರ್ ಹಾಕಿದರೆ ಅದು ಟ್ಯಾಂಕಿನ ಒಂದು ಮೂಲೆಗೆ ಹೋಗಿ ನಿಲ್ಲುತ್ತದೆ, ಎಳೆಯುವ ಪೈಪಿಗೆ ಸಿಗದೇ ಇರಬಹುದು. ಸಮತಟ್ಟಿನಲ್ಲಿ 5 ಲೀಟರ್ ಆದರೂ ಬೇಕು, ಇಳಿಜಾರಿನಲ್ಲಿ 10 ಇದ್ದರೆ ನೆಮ್ಮದಿ. ಇನ್ನೊಂದು ಮಾತು, ನಿನ್ನ ಮುಳ್ಳು ಕೆಳಗೆ ಬೀಳದೆಯೇ ಗಾಡಿ ನಿಂತಿದ್ದು ಇದೇ ಕಾರಣಕ್ಕೆ ಇರಬೇಕು. ಟ್ಯಾಂಕಿನಲ್ಲಿ ತಳದ ಡೀಸೆಲ್ ಇತ್ತು, ಟರ್ನಿಂಗ್‌ನಲ್ಲಿ ಅದು ಪಕ್ಕಕ್ಕೆ ಸರಿಯಿತು, ಪೈಪು ಗಾಳಿ ಕುಡಿಯಿತು.

ಆಮೇಲೆ ಡೀಸೆಲ್ ಫಿಲ್ಟರ್ ಹುಡುಕು. ಅದರ ತಲೆಯ ಮೇಲೆ ಒತ್ತುವ ಗುಂಡಿ ಇರುತ್ತದೆ, ಇಲ್ಲಾಂದ್ರೆ ಪೈಪಿನ ಮಧ್ಯೆ ರಬ್ಬರ್ ಉಂಡೆ. ಅದೇ ಕೈ ಪಂಪು. ಇದೆಯಾ ನೋಡಿ ಹೇಳು.

ಘಾಟಿ ಲೋಡು (5:44)

ಇದೆ. ಫಿಲ್ಟರ್ ಮೇಲೆ ಕಪ್ಪು ಗುಂಡಿ. ಒತ್ತಿದರೆ ಮೆತ್ತಗಿದೆ, ಏನೂ ಸಿಗುತ್ತಿಲ್ಲ ಕೈಗೆ.

ಪಂಪ್ ಮೇಸ್ತ್ರಿ (5:49)

ಮೆತ್ತಗಿದೆ ಅಂದರೆ ಒಳಗೆ ಗಾಳಿ. ಫಿಲ್ಟರ್ ತಲೆಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಏರ್ ಬಿಡುವುದಕ್ಕೇ ಇರುವುದು. ಸುತ್ತಮುತ್ತ ಬಟ್ಟೆಯಲ್ಲಿ ಚೆನ್ನಾಗಿ ಒರೆಸು, ಒಂದು ಕಣ ಮಣ್ಣೂ ಒಳಗೆ ಹೋಗಬಾರದು. ಸ್ಕ್ರೂ ಒಂದು ಸುತ್ತು ಸಡಿಲ ಮಾಡು, ಪೂರ್ತಿ ಬಿಚ್ಚಬೇಡ. ಕೆಳಗೆ ಬಟ್ಟೆ ಹಿಡಿ. ಈಗ ಗುಂಡಿ ಒತ್ತುತ್ತಾ ಹೋಗು. ಮೊದಲು ಬುಸ್ ಅಂತ ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆ ಗುಳ್ಳೆ ಡೀಸೆಲ್, ಕೊನೆಗೆ ಗುಳ್ಳೆ ಇಲ್ಲದ ಡೀಸೆಲ್ ಬರುತ್ತದೆ. ಅಲ್ಲಿಯವರೆಗೆ ಬಿಡಬೇಡ. ಐವತ್ತು ಸಲ ಆಗಬಹುದು, ನೂರೂ ಆಗಬಹುದು. ಹೆಬ್ಬೆರಳು ನೋಯುತ್ತದೆ, ಕ್ಲೀನರ್ ಹುಡುಗನ ಹತ್ತಿರ ಬದಲಾಯಿಸಿಕೋ.

ಬರೀ ಡೀಸೆಲ್ ಬಂದ ಕೂಡಲೇ ಸ್ಕ್ರೂ ಬಿಗಿ ಮಾಡಿ ಮತ್ತೆ ಒತ್ತು. ಗುಂಡಿ ಕಲ್ಲಿನ ಹಾಗೆ ಗಟ್ಟಿ ಆಗಬೇಕು.

ಹಳೇ ಗಾಡಿ ಪ್ರೇಮಿ (5:52)

ಇಷ್ಟೆಲ್ಲ ಯಾಕೆ ಮೇಸ್ತ್ರಿ? ನಾವು ಟಾಟಾ 407 ಲಾರಿಯಲ್ಲಿ ನಾಝಲ್ ಹತ್ತಿರ ಪೈಪಿನ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಯುತ್ತಿದ್ದೆವು. ಡೀಸೆಲ್ ಹನಿ ಬಂದ ಕೂಡಲೇ ಬಿಗಿ ಮಾಡಿದರೆ ಐದು ನಿಮಿಷದಲ್ಲಿ ಸ್ಟಾರ್ಟ್. ಇವರಿಗೂ ಅದನ್ನೇ ಹೇಳಿ.

ಪಂಪ್ ಮೇಸ್ತ್ರಿ (5:55)

ಬೇಡ! ಘಾಟಿ ಲೋಡು, ಇದನ್ನು ಓದಿ ನಟ್‌ಗೆ ಸ್ಪ್ಯಾನರ್ ಹಾಕಬೇಡ.

ಅಣ್ಣಾ, ನೀವು ಹೇಳಿದ್ದು ಆ ಕಾಲದ ಗಾಡಿಗೆ ಸರಿ. 407 ಬಂದಿದ್ದು 1986ರಲ್ಲಿ, ನಾನು ಕೆಲಸ ಕಲಿತಿದ್ದೂ ಅದೇ ಪಂಪಿನಲ್ಲಿ. ಅದರಲ್ಲಿ ಒಂದೊಂದು ನಾಝಲ್‌ಗೆ ಒಂದೊಂದು ಪೈಪು, ಪಂಪು ತಳ್ಳಿದಾಗ ಮಾತ್ರ ಪ್ರೆಶರ್. ನಟ್ ಸಡಿಲ ಮಾಡಿದರೆ ಹನಿ ಬೀಳುತ್ತದೆ, ಅಷ್ಟೇ. ಕಾಮನ್ ರೈಲ್‌ನಲ್ಲಿ ಹಾಗಲ್ಲ. ರೈಲಿನೊಳಗೆ ಪ್ರೆಶರ್ ಕೂಡಿಟ್ಟಿರುತ್ತದೆ. ಸ್ಟಾರ್ಟ್ ಆಗುವುದಕ್ಕೇ 200 ಬಾರ್ ಆಸುಪಾಸು ಬೇಕು, ಓಡುವಾಗ 1600 ಬಾರ್‌ವರೆಗೂ ಹೋಗುವ ಎಂಜಿನ್‌ಗಳಿವೆ. ಕಾರಿನ ಟಯರಿನಲ್ಲಿರುವುದು 2 ಬಾರ್ ಅಂದರೆ ಲೆಕ್ಕ ಹಾಕಿ. ಆ ಪ್ರೆಶರಿನ ಡೀಸೆಲ್ ಕೂದಲೆಳೆಯಷ್ಟು ಸಂದಿಯಿಂದ ಬಂದರೂ ಕೈಯೊಳಗೆ ಸೂಜಿಯ ಹಾಗೆ ಇಳಿಯುತ್ತದೆ, ಗ್ಲೌಸ್ ಇದ್ದರೂ ತಡೆಯುವುದಿಲ್ಲ. ಕಾಮನ್ ರೈಲ್‌ನಲ್ಲಿ ಏರ್ ತೆಗೆಯುವುದು ಫಿಲ್ಟರ್ ಕಡೆಯಿಂದ ಮಾತ್ರ, ಅಂದರೆ ಪ್ರೆಶರ್ ಕಡಿಮೆ ಇರುವ ಕಡೆಯಿಂದ. ರೈಲಿನೊಳಗೆ ಉಳಿದ ಸ್ವಲ್ಪ ಗಾಳಿ ನಾಝಲ್ ಕಡೆಯಿಂದ ತಾನೇ ಹೋಗುತ್ತದೆ.

ಆಸ್ಪತ್ರೆ ಡ್ಯೂಟಿ (6:03)

ಮೇಸ್ತ್ರಿ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ನಾನು ನರ್ಸ್. ಹೀಗೆ ಡೀಸೆಲ್ ಚರ್ಮದೊಳಗೆ ಹೋದ ಕೈ ಹೊರಗಿನಿಂದ ನೋಡಿದರೆ ಇರುವೆ ಕಚ್ಚಿದ ಹಾಗೆ ಒಂದು ಚುಕ್ಕೆ, ಅಷ್ಟೇ. ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ನೋವಿಲ್ಲ ಅಂತ ಮನೆಗೆ ಹೋದರೆ ಬೆರಳೇ ಕಳೆದುಕೊಳ್ಳುವ ಹಾಗಾಗುತ್ತದೆ. ತಕ್ಷಣ ಆಪರೇಷನ್ ಮಾಡುವ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಪ್ರೆಶರ್‌ನಲ್ಲಿ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಬೇಕು.

ಹಾಗೇ ಬೇರೆ ಗಾಡಿಯಿಂದ ಪೈಪ್ ಹಾಕಿ ಬಾಯಲ್ಲಿ ಡೀಸೆಲ್ ಎಳೆಯಬೇಡಿ. ಎಲ್ಲ ಡ್ರೈವರ್ ತಮ್ಮಂದಿರೂ ಇದನ್ನು ಮಾಡುತ್ತೀರಿ, ನನಗೆ ಗೊತ್ತು. ಒಂದು ಗುಟುಕು ತಪ್ಪಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ತರಹ ಆಗುತ್ತದೆ, ಕೆಮ್ಮು ಮತ್ತು ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟೂ ಶುರುವಾಗಬಹುದು. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ವಾಂತಿಯಲ್ಲಿ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೈಯಲ್ಲಿ ಹಿಸುಕುವ ಪಂಪು ಅಂಗಡಿಯಲ್ಲಿ ಸಿಗುತ್ತದೆ, ಒಂದು ತಂದು ಸೀಟಿನ ಕೆಳಗೆ ಹಾಕಿಕೊಳ್ಳಿ.

ಹಳೇ ಗಾಡಿ ಪ್ರೇಮಿ (6:06)

ಇದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್. ಹೊಸ ಗಾಡಿಯವರು ದಯವಿಟ್ಟು ನಾನು ಹೇಳಿದ್ದು ಮಾಡಬೇಡಿ.

ಘಾಟಿ ಲೋಡು (6:11)

ಗುಂಡಿ ಗಟ್ಟಿ ಆಯಿತು! ಮೊದಲು ನೊರೆ ಬಂತು, ಮೇಸ್ತ್ರಿ ಹೇಳಿದ ಹಾಗೆಯೇ. ಎಣಿಸಲಿಲ್ಲ, ಆದರೆ ನೂರರ ಮೇಲೆಯೇ ಒತ್ತಿದ್ದೇವೆ. ಈಗ ಸೆಲ್ಫ್ ಹೊಡೆಯಲಾ?

ಪಂಪ್ ಮೇಸ್ತ್ರಿ (6:14)

ಸ್ಕ್ರೂ ಬಿಗಿಯಾಗಿದೆಯಾ, ಎಲ್ಲೂ ಸೋರುತ್ತಿಲ್ಲ ಅಲ್ವಾ, ನೋಡಿಕೋ. ಚೆಲ್ಲಿದ ಡೀಸೆಲ್ ಪೂರ್ತಿ ಒರೆಸು. ಹೆಡ್‌ಲೈಟು, ಫ್ಯಾನು, ಟೇಪು ಎಲ್ಲಾ ಆಫ್ ಮಾಡು, ಬ್ಯಾಟರಿ ಈಗಾಗಲೇ ಸೋತಿದೆ. ಇಂಡಿಕೇಟರ್ ಇರಲಿ, ಅದನ್ನು ಆಫ್ ಮಾಡಬೇಡ. ಕೀ ಆನ್ ಮಾಡಿ ಹೀಟರ್ ಲೈಟು ಹೋಗುವವರೆಗೆ ಕಾಯಿ. ಕ್ಲಚ್ ಒತ್ತಿ 10 ಸೆಕೆಂಡ್ ಮಾತ್ರ ಸೆಲ್ಫ್ ಹೊಡೆ. ಆಗದಿದ್ದರೆ ಎರಡು ನಿಮಿಷ ಬಿಡು, ಸೆಲ್ಫ್ ಮೋಟರ್ ತಣ್ಣಗಾಗಲಿ, ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳಲಿ. ಆ ಎರಡು ನಿಮಿಷದಲ್ಲಿ ಮತ್ತೆ ಗುಂಡಿ ಒತ್ತಿ ನೋಡು, ಮೆತ್ತಗಾಗಿದ್ದರೆ ಇನ್ನೂ ಗಾಳಿ ಇದೆ ಅಂತ ಅರ್ಥ. ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ತಳ್ಳಿ ಸ್ಟಾರ್ಟ್ ಮಾಡುವುದಕ್ಕೂ ಹೋಗಬೇಡ. ಏರ್ ಇದ್ದರೆ ತಳ್ಳಿದರೂ ಆಗುವುದಿಲ್ಲ, ಅದೂ ಲೋಡಿನಲ್ಲಿ, ಘಾಟಿಯಲ್ಲಿ.

ಬಿಎಸ್ 6 ಹುಡುಗ (6:20)

ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು 2021ರ ಗಾಡಿ. ಫಿಲ್ಟರ್ ಮೇಲೆ ಗುಂಡಿಯೂ ಇಲ್ಲ, ರಬ್ಬರ್ ಉಂಡೆಯೂ ಇಲ್ಲ. ನನಗೆ ಹೀಗಾದರೆ ಏನು ಮಾಡುವುದು?

ಪಂಪ್ ಮೇಸ್ತ್ರಿ (6:24)

ನಿನ್ನ ಗಾಡಿಯಲ್ಲಿ ಕರೆಂಟ್ ಪಂಪ್ ಇರಬೇಕು. ಕೀ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಗುಂಯ್ ಅಂತ ಶಬ್ದ ಕೇಳುತ್ತದಾ ನೋಡು. ಇದ್ದರೆ ಕೆಲಸ ಸುಲಭ. ಡೀಸೆಲ್ ಹಾಕಿ, ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ ಅರ್ಧ ನಿಮಿಷ ಬಿಡು, ಆಫ್ ಮಾಡು. ಹೀಗೆ ಐದಾರು ಸಲ. ಆಮೇಲೆ ಸೆಲ್ಫ್. ಗಾಡಿ ಜೊತೆ ಬಂದ ಪುಸ್ತಕದಲ್ಲಿ ನಿನ್ನ ಮಾಡೆಲ್ಲಿಗೆ ಸರಿಯಾದ ವಿಧಾನ ಬರೆದಿರುತ್ತಾರೆ, ಅದನ್ನು ಒಮ್ಮೆ ಓದಿಕೊಂಡಿರು. ಸ್ಟಾರ್ಟ್ ಆದ ಮೇಲೆ ಎಂಜಿನ್ ಲೈಟ್ ಹೊತ್ತಿಕೊಂಡೇ ಇದ್ದರೆ ಹೆದರಬೇಡ, ಪ್ರೆಶರ್ ಕಡಿಮೆಯಾಗಿದ್ದನ್ನು ಕಂಪ್ಯೂಟರ್ ನೆನಪಿಟ್ಟುಕೊಂಡಿರಬಹುದು. ಒಂದೆರಡು ದಿನದಲ್ಲಿ ಹೋಗದಿದ್ದರೆ ಸ್ಕ್ಯಾನ್ ಮಾಡಿಸು.

2020ರ ಏಪ್ರಿಲ್‌ನಿಂದ ಬಂದ ಕೆಲವು ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಯೂರಿಯಾ ನೀರಿಗೆ ಬೇರೆ ಟ್ಯಾಂಕ್ ಇದೆ, ನೀಲಿ ಮುಚ್ಚಳ. ಗಾಬರಿಯಲ್ಲಿ ಕತ್ತಲಲ್ಲಿ ಡೀಸೆಲ್ ಅದಕ್ಕೆ ಸುರಿಯಬೇಡ, ಅದನ್ನು ಡೀಸೆಲ್ ಟ್ಯಾಂಕಿಗೂ ಹಾಕಬೇಡ. ಹಾಗೇನಾದರೂ ಆದರೆ ಕೀ ಕೂಡ ಆನ್ ಮಾಡದೆ ಗಾಡಿ ಎಳೆಸಿಕೊಂಡು ಹೋಗು.

ಮಸ್ಕತ್ ಕರಾವಳಿ (6:30)

ನಾನು ಉಡುಪಿ ಕಡೆಯವನು, ಈಗ ಮಸ್ಕತ್‌ನಲ್ಲಿ. ಇಲ್ಲಿ ಪಿಕಪ್ ಅಂದರೆ ಜಾಸ್ತಿ ಪೆಟ್ರೋಲಿನವು. ಅದರಲ್ಲಿ ಇಷ್ಟು ಕಷ್ಟ ಇಲ್ಲ. ಪಂಪು ಟ್ಯಾಂಕಿನೊಳಗೇ ಇರುತ್ತದೆ. ಪೆಟ್ರೋಲ್ ಹಾಕಿ ಕೀ ಮೂರು ನಾಲ್ಕು ಸಲ ಆನ್ ಆಫ್ ಮಾಡಿದರೆ ಲೈನ್ ತುಂಬುತ್ತದೆ, ಆಮೇಲೆ ಸ್ಟಾರ್ಟ್. ಆದರೆ ಆ ಪಂಪನ್ನು ತಂಪಾಗಿಡುವುದು ಸುತ್ತ ಇರುವ ಪೆಟ್ರೋಲೇ. ಯಾವಾಗಲೂ ತಳದಲ್ಲೇ ಓಡಿಸುತ್ತಿದ್ದರೆ, ಅದೂ ಇಲ್ಲಿಯ ಬಿಸಿಲಿನಲ್ಲಿ, ಪಂಪು ಬೇಗ ಸುಡುತ್ತದೆ.

ಘಾಟಿ ಲೋಡು (6:33)

ಸ್ಟಾರ್ಟ್ ಆಯಿತು!!! ಮೂರನೇ ಸೆಲ್ಫ್‌ಗೆ. ಮೊದಲು ಕೆಮ್ಮಿದ ಹಾಗೆ ಮಾಡಿ ಬಿಳಿ ಹೊಗೆ ಬಂತು, ಅಲ್ಲಾಡುತ್ತಿದೆ, ಆದರೆ ಓಡುತ್ತಿದೆ. ಮೇಸ್ತ್ರಿ, ನಿಮ್ಮ ಕಾಲಿಗೆ ನಮಸ್ಕಾರ. ಹೊರಡಲಾ?

ಪಂಪ್ ಮೇಸ್ತ್ರಿ (6:35)

ಈಗಲೇ ಬೇಡ! ಹತ್ತು ನಿಮಿಷ ಹಾಗೇ ಓಡಲಿ. ಆಕ್ಸಿಲರೇಟರ್ ಜೋರಾಗಿ ಒತ್ತಬೇಡ, ಅಲ್ಲಾಡುವುದು ನಿಂತು ಶಬ್ದ ಒಂದೇ ಸಮ ಆಗಬೇಕು. ಲೈನಿನಲ್ಲಿ ಉಳಿದ ಒಂದು ಗುಳ್ಳೆ ಟರ್ನಿಂಗ್‌ನಲ್ಲಿ ಮತ್ತೆ ಎಂಜಿನ್ ಆಫ್ ಮಾಡಿದರೆ ಇಳಿಜಾರಿನಲ್ಲಿ ನಿನಗೆ ಬ್ರೇಕ್ ಸರಿಯಾಗಿ ಸಿಗುವುದಿಲ್ಲ.

ಘಾಟಿ ಲೋಡು (6:37)

ಅದನ್ನು ಹೇಳಲೇಬೇಕು ನಾನು. ರಾತ್ರಿ ಆಫ್ ಆದಾಗ ನಿಜವಾಗಿ ಹೆದರಿದ್ದೆ. ಸ್ಟೇರಿಂಗ್ ಕಬ್ಬಿಣ ಆಯಿತು. ಬ್ರೇಕ್ ಒಂದು ಸಲ ಸಿಕ್ಕಿತು, ಎರಡನೇ ಸಲ ಅರ್ಧ, ಮೂರನೇ ಸಲ ಪೆಡಲ್ ಮೇಲೆ ನಿಂತರೂ ಗಾಡಿ ಜಾರುತ್ತಿತ್ತು. ನ್ಯೂಟ್ರಲ್‌ನಲ್ಲಿ ಇಳಿಯುತ್ತಿದ್ದೆ, ಡೀಸೆಲ್ ಉಳಿಯಲಿ ಅಂತ.

ಕಡೂರು ತೆಂಗು (6:45)

ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯಬೇಡಿ ಅಣ್ಣ, ಕೈಮುಗಿದು ಕೇಳುತ್ತೇನೆ. ನಮ್ಮ ಚಾರ್ಮಾಡಿ ಕಡೆಯೂ ಇದನ್ನು ಎಷ್ಟೋ ಜನ ಮಾಡುತ್ತಾರೆ. ಅದರಲ್ಲಿ ಡೀಸೆಲ್ ಉಳಿಯುವುದೂ ಇಲ್ಲ. ಈಗಿನ ಎಂಜಿನ್‌ಗಳಲ್ಲಿ ಗೇರ್ ಹಾಕಿಕೊಂಡು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ನಾಝಲ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆಫ್ ಆಗದಿರಲು ಡೀಸೆಲ್ ಕುಡಿಯುತ್ತಲೇ ಇರಬೇಕು. ಇನ್ನೊಂದು ಲಾಭ, ಗೇರಿನಲ್ಲಿದ್ದು ಡೀಸೆಲ್ ಮುಗಿದರೂ ಚಕ್ರ ತಿರುಗುವವರೆಗೆ ಎಂಜಿನ್ ತಿರುಗುತ್ತದೆ, ಬ್ರೇಕಿಗೂ ಸ್ಟೇರಿಂಗಿಗೂ ಬಲ ಸಿಗುತ್ತದೆ. ಮತ್ತೆ ಓಡುತ್ತಿರುವಾಗ ಯಾವ ಕಾರಣಕ್ಕೂ ಕೀ ಹೊರಗೆ ತೆಗೆಯಬಾರದು, ಸ್ಟೇರಿಂಗ್ ಲಾಕ್ ಬೀಳುತ್ತದೆ.

ಹೂವಿನ ಗಾಡಿ (7:20)

ನಾನು ಎರಡು ಪಿಕಪ್ ಇಟ್ಟು ಹೂವಿನ ವ್ಯಾಪಾರ ಮಾಡುವವಳು. ಎಲ್ಲ ಓದಿದೆ. ಗಾಡಿ ಇಟ್ಟ ಮಾಲೀಕರಿಗೆ ಒಂದು ಮಾತು ಹೇಳಬೇಕು. ಡ್ರೈವರ್‌ಗಳು ತಳದಲ್ಲಿ ಓಡಿಸುವುದು ಉಡಾಫೆಯಿಂದ ಅಲ್ಲ. ಲೋಡು ಇಳಿದ ಮೇಲೆ ಬಾಡಿಗೆ, ಬಾಡಿಗೆ ಬಂದ ಮೇಲೆ ಡೀಸೆಲ್ ಅಂತ ನಾವೇ ಮಾಡಿಟ್ಟಿದ್ದೇವೆ. ಅವರು ಸ್ವಂತ ಜೇಬಿನಿಂದ ಐನೂರು ರೂಪಾಯಿ ಹಾಕಿಸಿ ಆಮೇಲೆ ನಮ್ಮ ಹತ್ತಿರ ಕೇಳಬೇಕು, ಕೇಳಿದರೆ ನಾವು ಬಿಲ್ ತೋರಿಸು ಅನ್ನುತ್ತೇವೆ. ಹೋದ ವರ್ಷ ನನ್ನ ಗಾಡಿಯೂ ಹೀಗೇ ನಿಂತಿತ್ತು, ಮಲ್ಲಿಗೆ ಅಷ್ಟೂ ಬಾಡಿತು. ಆಮೇಲಿನಿಂದ ಹೊರಡುವ ಮೊದಲೇ ಅರ್ಧ ಟ್ಯಾಂಕ್ ನಾನೇ ನಿಂತು ಹಾಕಿಸುತ್ತೇನೆ. ಘಾಟಿ ಲೋಡು ತಮ್ಮಾ, ನಿನ್ನ ಮಾಲೀಕರಿಗೆ ಇದನ್ನು ತೋರಿಸು.

ಘಾಟಿ ಲೋಡು (ಮಧ್ಯಾಹ್ನ 12:40)

ಮಂಗಳೂರು ತಲುಪಿದೆ. ಕೋಸು, ಕ್ಯಾರೆಟ್ ಹೋಯಿತು, ಬೀನ್ಸ್‌ಗೆ ರೇಟು ಕಡಿಮೆ ಸಿಕ್ಕಿತು. ಅಕ್ಕಾ, ನೀವು ಬರೆದಿದ್ದನ್ನು ಮಾಲೀಕರಿಗೆ ಕಳಿಸಿದ್ದೇನೆ. ಮೊದಲು ಸಿಕ್ಕಿದ ಬಂಕಿನಲ್ಲೇ ಡೀಸೆಲ್ ಹಾಕಿಸಿದೆ.

ಪಂಪ್ ಮೇಸ್ತ್ರಿ (1:15)

ಊರಿಗೆ ಬಂದ ಕೂಡಲೇ ಡೀಸೆಲ್ ಫಿಲ್ಟರ್ ಬದಲಿಸು. ಟ್ಯಾಂಕ್ ತಳದ ಕೆಸರು, ನೀರು ಎಲ್ಲ ಎಳೆದುಕೊಂಡು ಬಂದಿರುತ್ತದೆ. ಮಲೆನಾಡಿನ ತೇವಕ್ಕೆ ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ಬೆವರು ಹನಿ ಕಟ್ಟಿ ತಳಕ್ಕೆ ಇಳಿಯುತ್ತದೆ, ನೀರು ಡೀಸೆಲ್‌ಗಿಂತ ಭಾರ. ಹಳೇ ಫಿಲ್ಟರ್ ಬಿಚ್ಚಿದ ಮೇಲೆ ಅದರಲ್ಲಿದ್ದುದನ್ನು ಗಾಜಿನ ಲೋಟಕ್ಕೆ ಸುರಿದು ನೋಡು.

ಘಾಟಿ ಲೋಡು (ಮೂರು ದಿನದ ನಂತರ)

ಫಿಲ್ಟರ್ ಬದಲಿಸಿದೆ. ಲೋಟದ ತಳದಲ್ಲಿ ಎರಡು ಬೆರಳು ನೀರು, ಕಪ್ಪು ಪುಡಿ ಬೇರೆ. ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ. ಆದರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಇನ್ನೂ ತಡ ಮಾಡುತ್ತಿದೆ. ರಾತ್ರಿ ನಿಂತರೆ ಗುಂಡಿ ಮತ್ತೆ ಮೆತ್ತಗೆ.

ಪಂಪ್ ಮೇಸ್ತ್ರಿ

ಕಾಂತಕ್ಕೆ ಅಂಟಲಿಲ್ಲ ಅನ್ನುವುದು ಒಳ್ಳೆಯ ಲಕ್ಷಣ, ಅದು ಕಬ್ಬಿಣದ ಪುಡಿ ಅಲ್ಲ. ಈಗಿನದ್ದು ಬೇರೆ, ಎಲ್ಲೋ ಸಣ್ಣದಾಗಿ ಗಾಳಿ ಎಳೆಯುತ್ತಿದೆ. ಎಂಜಿನ್ ನಿಂತಾಗ ಆ ಸಂದಿಯಿಂದ ಗಾಳಿ ಹೋಗಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಎಳೆಯುವ ಕಡೆಯ ಸಂದಿ ಆದರೆ ಹೊರಗೆ ಸೋರಿಕೆ ಕಾಣಲೇಬೇಕು ಅಂತಿಲ್ಲ. ಮೊದಲು ಏರ್ ಸ್ಕ್ರೂವಿನ ವಾಷರ್ ನೋಡು, ನೀನು ಆವತ್ತು ಬಿಚ್ಚಿದ್ದು ಅದನ್ನೇ. ಆಮೇಲೆ ಫಿಲ್ಟರ್‌ಗೆ ಬರುವ ಪೈಪಿನ ಕ್ಲಿಪ್. ಸಿಗದಿದ್ದರೆ ಫಿಲ್ಟರ್‌ಗಿಂತ ಮೊದಲು ಡೀಸೆಲ್ಲಿಗೆ ತಡೆಯುವ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ಎಂಜಿನ್ ಓಡಿಸಿ ನೋಡು. ಗುಳ್ಳೆ ಬಂದರೆ ಟ್ಯಾಂಕಿನ ಕಡೆ, ಬರದಿದ್ದರೆ ಫಿಲ್ಟರ್‌ನಿಂದ ಮುಂದೆ.

ಘಾಟಿ ಲೋಡು

ವಾಷರ್ ಚಪ್ಪಟೆಯಾಗಿ ಒಂದು ಕಡೆ ಹರಿದಿತ್ತು. ಹೊಸದು ಹಾಕಿ ರಾತ್ರಿಯೆಲ್ಲ ಬಿಟ್ಟೆ. ಇವತ್ತು ಬೆಳಿಗ್ಗೆ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಯಿತು ಮೇಸ್ತ್ರಿ, ಗುಂಡಿಯೂ ಗಟ್ಟಿ ಇದೆ. ಮಾಲೀಕರು ನಿನ್ನೆಯೇ ಅರ್ಧ ಟ್ಯಾಂಕ್ ಹಾಕಿಸಿಕೊಟ್ಟರು. ಈಗ ಹಾಸನದಲ್ಲಿ ಕೋಸು ತುಂಬುತ್ತಿದ್ದಾರೆ, ಇನ್ನೊಂದು ಗಂಟೆಯಲ್ಲಿ ಹೊರಡುತ್ತೇನೆ.